ಟರಂಟುಲಾಗೆ ನೀನು ಬಿಡಿಸಿದ ಬಲೆ

ಸೊರಬ,
ನವೆಂಬರ್ ೨೦

ಪ್ರೀತಿಯ ತಮ್ಮ ಕಲೀಂ,

ಸಲಾಂ. ಹೇಗಿದ್ದೀಯ? ಧಾರವಾಡದ ಚಳಿಗೆ ಕೆಮ್ಮು ಜಾಸ್ತಿಯಾಗಿಲ್ಲ ತಾನೆ? ಹೋದ ವಾರ ಶಿಕಾರಿಪುರಕ್ಕೆ ಹೋಗಿ ಬಂದೆ. ದಾದಿ ಅಜ್ಜಿಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟು. ಕುಶಲದ ಮಾತು ಇಲ್ಲಿಗೆ ಸಾಕು. ಇನ್ನು ಮುಂದಿನದು ಬೈಗುಳ, ಕೂತುಕೊಂಡು ಓದು. ಮೊನ್ನೆ ನಾನು ಮಾತು ಮುಗಿಸುವ ಮುಂಚೆಯೇ ಫೋನ್ ಇಟ್ಟುಬಿಟ್ಟೆಯಲ್ಲ, ಅದಕ್ಕೇ ಈ ಕಾಗದ. ಮನೆಯಲ್ಲಿ ಉರ್ದು ಮಾತಾಡಿದರೂ ನನಗೆ ಸಿಟ್ಟು ಬರುವುದು ಕನ್ನಡದಲ್ಲೇ.

ನೀನು ಚಿತ್ರ ಬರೆದ ಟರಂಟುಲಾ ಪುಸ್ತಕ ನನ್ನ ಗ್ರಂಥಾಲಯಕ್ಕೆ ಬಂದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೊರಬದ ಪಕ್ಕದ ಈ ಸಣ್ಣ ಹಳ್ಳಿಯಲ್ಲಿ ಅಷ್ಟು ಚೆಂದದ ಪುಸ್ತಕ ಯಾರು ನೋಡಿದ್ದರು! ಅಂಗೈಯಗಲದ ಜೇಡ, ಮೈತುಂಬ ರೋಮ, ಎಂಟು ಕಣ್ಣು. ಮಕ್ಕಳು ಕಿರುಚಿ ಓಡುವುದು, ವಾಪಸು ಬಂದು ಅದೇ ಪುಟ ತೆಗೆಯುವುದು. ಕುರಿ ಸಾಕುವ ಚಿಕ್ಕಬೀರಪ್ಪನ ಮಗಳು ಮೀನಾ ಇನ್ನೂ ಅಕ್ಷರ ಕೂಡಿಸಲು ಒದ್ದಾಡುವವಳು, ಚಿತ್ರಗಳನ್ನಂತೂ ಬಾಯಿಪಾಠ ಮಾಡಿಬಿಟ್ಟಳು. ಚಿತ್ರ ಬರೆದದ್ದು ನನ್ನ ತಮ್ಮ ಎಂದು ನಾನೇ ಊರಿಗೆಲ್ಲ ಡಂಗುರ ಸಾರಿದೆ.

ಹೋದ ಭಾನುವಾರ ಆ ಮೀನಾ ಗಿಳಿಮರಿ ಇರಬಹುದೆಂದು ಹಳೇ ಮಾವಿನ ಮರ ಹತ್ತಿ ಪೊಟರೆಗೆ ಕೈ ಹಾಕಿದ್ದಾಳೆ. ಒಳಗಿದ್ದದ್ದು ಟರಂಟುಲಾ. ಕಚ್ಚಿತು. ಬಲಗೈ ಮೊಣಕೈವರೆಗೆ ಊದಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ಪ್ರಾಣಕ್ಕೇನೂ ಅಪಾಯವಿಲ್ಲ, ಈಗ ಮನೆಗೆ ಬಂದಿದ್ದಾಳೆ. ನೋಡಲು ಹೋದವಳು, ಯಾಕೆ ಕೈ ಹಾಕಿದೆ ಕಣೇ ಎಂದು ಕೇಳಿದೆ. "ಅಲ್ಲಿ ಬಲೆ ಇರ್ಲಿಲ್ಲ ಮೇಡಂ. ಪುಸ್ತಕದಾಗೆ ಅದು ಬಲೆ ಮ್ಯಾಲೆ ಕೂತೈತಲ್ಲ" ಎಂದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಪುಸ್ತಕ ತೆಗೆದು ನೋಡಿದೆ. ಬರಹ ಸರಿಯಾಗಿಯೇ ಇದೆ: ಈ ಜೇಡ ಚಕ್ರದಂಥ ಬಲೆ ಕಟ್ಟುವುದಿಲ್ಲ, ಬಿಲದಲ್ಲೋ ಮರದ ಪೊಟರೆಯಲ್ಲೋ ಅಡಗಿರುತ್ತದೆ. ಅದರ ಪಕ್ಕದಲ್ಲೇ ನಿನ್ನ ಚಿತ್ರ, ಪುಟದ ತುಂಬ ಬಲೆ, ನಡುವೆ ಟರಂಟುಲಾ ಮಹಾರಾಜ! ನೀನು ಯಾಕೆ ಹಾಗೆ ಬರೆದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಪೈಗಂಬರರು ಅಡಗಿದ್ದ ಗುಹೆಯ ಬಾಯಿಗೆ ಜೇಡ ಬಲೆ ನೇಯ್ದು ಕಾಪಾಡಿತೆಂದು ದಾದಿ ನಮ್ಮ ಮನೆಯ ಒಂದು ಬಲೆಗೂ ಪೊರಕೆ ತಾಗಿಸಲು ಬಿಡುತ್ತಿರಲಿಲ್ಲ. ಈದ್‌ಗೆ ಸುಣ್ಣ ಹೊಡೆಯುವಾಗಲೂ ಬಲೆ ಇದ್ದ ಮೂಲೆ ಬಿಟ್ಟೇ ಹೊಡೆಯಬೇಕಿತ್ತು. ಅದನ್ನು ನೋಡುತ್ತ ಬೆಳೆದ ನಿನ್ನ ಕೈಗೆ ಜೇಡ ಎಂದರೆ ಬಲೆ. ಅಷ್ಟಾಗಿದ್ದರೆ ಕ್ಷಮಿಸುತ್ತಿದ್ದೆ. ಆದರೆ ಫೋನಿನಲ್ಲಿ ನೀನು ಅಂದದ್ದೇನು? "ಬಲೆ ಇದ್ರೆ ಪುಟ ತುಂಬಿ ಕಾಣ್ಸುತ್ತೆ ಆಪಾ, ಮಕ್ಕಳಿಗೆ ಅಷ್ಟೆಲ್ಲ ಗೊತ್ತಾಗಲ್ಲ." ಗೊತ್ತಾಗಲ್ಲವಂತೆ! ಓದಲು ಬರುವವರು ಅಕ್ಷರ ನಂಬುತ್ತಾರೆ. ಓದಲು ಬಾರದ ಮಗು ನಿನ್ನ ಚಿತ್ರವನ್ನೇ ನಂಬಿತ್ತು ಕಣೋ. ನಾಚಿಕೆಯಾಗಬೇಕು ನಿನಗೆ.

ಈಗ ಪಂಚಾಯ್ತಿ ಸದಸ್ಯ ಉಜ್ಜಪ್ಪನವರಿಗೆ ಹಬ್ಬವೋ ಹಬ್ಬ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಮಕ್ಕಳ ಚಿತ್ರಪುಸ್ತಕಗಳನ್ನೆಲ್ಲ ಬೀರುವಿಗೆ ತುಂಬಿಸಿ ಬೀಗ ಜಡಿದು ಕೀ ಜೇಬಿಗೆ ಹಾಕಿಕೊಂಡು ಹೋದರು. "ಹುಳ ಹುಪ್ಪಟೆ ಪುಸ್ತಕ ಯಾಕ್ರೀ ಬೇಕು? ಮಗ್ಗಿ ಓದಿದ್ರೆ ಸಾಲ್ದಾ?" ಅಂತೆ. ಪೊಟರೆಗೆ ಕೈ ಹಾಕಬೇಡ ಎಂದು ಹೇಳುವ ಪುಸ್ತಕವೇ ಇಲ್ಲದಿದ್ದರೆ ನಾಳೆ ಇನ್ನೊಂದು ಮಗುವಿಗೆ ಯಾರು ಹೇಳುತ್ತಾರೆ? ಕೂಗಾಡಿದೆ. "ನಿಮ್ ತಮ್ಮಂದೇ ಅಲ್ವೇನ್ರೀ ಚಿತ್ರ?" ಎಂದರು. ತಲೆ ತಗ್ಗಿಸಿಕೊಂಡು ನನ್ನ ಕುರ್ಚಿಗೆ ವಾಪಸು ಬಂದು ಕೂತೆ, ಅದೂ ಉಜ್ಜಪ್ಪನವರ ಮುಂದೆ! ಸಂಜೆ ಮಕ್ಕಳು ಬಂದು ಬೀರುವಿನ ಗಾಜಿಗೆ ಮೂಗು ಒತ್ತಿಕೊಂಡು ನಿಲ್ಲುತ್ತಾರೆ.

ದಾದಿ ದುವಾ ಕಳಿಸಿದ್ದಾರೆ. ಸಿಟ್ಟು ಇಳಿಯದಿದ್ದರೂ ನಾನೂ ಕಳಿಸುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಆಪಾ,
ಇಶ್ರತ್

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಮೀನಾಳ ತಾಯಿ ತಾಯಮ್ಮ ಮಗಳನ್ನು ಕರೆದುಕೊಂಡು ಬಂದರು. ಉಗಿಯಲು ಬಂದರೆಂದು ಎದ್ದು ನಿಂತೆ. ನೋಡಿದರೆ ಉಜ್ಜಪ್ಪನವರ ಹತ್ತಿರ ಜಗಳ ಕಾದು ಬೀರುವಿನ ಕೀ ಇಸಿದುಕೊಂಡು ಬಂದಿದ್ದಾರೆ! "ಚಿತ್ರ ಬರ್ದೋರು ಬಂದು ನನ್ ಮಗಳ ಮುಂದೆ ಕೂತು ತಿದ್ಲಿ, ಆಮೇಲೆ ಪುಸ್ತಕ ಹೊರಗಿಡ್ರಿ. ಬರ್ಲಿಲ್ಲ ಅಂದ್ರೆ ಕೀ ಉಜ್ಜಪ್ಪೋರಿಗೇ ವಾಪಸ್ ಕೊಡ್ತೀನಿ" ಎಂದರು. ಮುಂದಿನ ಶನಿವಾರ ಬರುತ್ತಾನೆ ಎಂದು ಮಾತು ಕೊಟ್ಟಿದ್ದೇನೆ. ಬಸ್ಸು ಹತ್ತು. ನಿನ್ನ ಪೆನ್ಸಿಲ್ ತರುವುದು ಬೇಡ, ಮೀನಾ ತನ್ನದನ್ನೇ ಕೊಡುತ್ತಾಳಂತೆ. ಬೆರಳು ಇನ್ನೂ ಮಡಚಲು ಬರುವುದಿಲ್ಲ, ಬರುತ್ತಿದ್ದರೆ ತಾನೇ ತಿದ್ದುತ್ತಿದ್ದೆ ಅಂದಳು.