ಮೂವತ್ತೈದರ ಸಾಲು ದಾಟಿದ್ದಕ್ಕೆ

ಮಂಗಳವಾರ, ಮಾರ್ಚ್ ೧೨

ದಂಡ ಕಟ್ಟುವುದಿಲ್ಲ. ಅರವತ್ತು ಕಿ.ಮೀ. ಮಿತಿಯ ರಸ್ತೆಯಲ್ಲಿ ಎಪ್ಪತ್ತೆಂಟರಲ್ಲಿ ಹೋದೆನಂತೆ. ಹೋದೆ, ಇಲ್ಲವೆಂದವರಾರು? ಮುಂದೆ ಮೂರು ಕಾರುಗಳು ಮೂವತ್ತೈದರಲ್ಲಿ ತೆವಳುತ್ತಿದ್ದವು. ದಾಟುವಾಗ ಪಕ್ಕದಲ್ಲೇ ತೂಗಾಡಬೇಡಿ, ಬೇಗ ಮುಂದೆ ಹೋಗಿ ಸಾಲಿಗೆ ಬನ್ನಿ ಎಂದು ಹತ್ತೊಂಬತ್ತು ವರ್ಷದಿಂದ ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಿರುವವಳು ನಾನು. ನನಗೇ ಚಲನ್.

"ಕಟ್ಟಿ ಕೈತೊಳ್ಕೊಳ್ಳೇ," ಎಂದರು ನಮ್ಮ ಯಜಮಾನರು.

"ತಪ್ಪು ಮಾಡಿದ್ರೆ ತಾನೇ ಕಟ್ಟೋದು," ಎಂದೆ.

ಸಂಜೆ ಟ್ರಾಫಿಕ್ ಠಾಣೆಗೆ ಹೋಗಿ ಕ್ಯಾಮೆರಾದ ಫೋಟೊ ಕೇಳಿದೆ. ಗುಮಾಸ್ತ ನಗು ತಡೆದುಕೊಂಡ. "ನೀವು ದಾಟಿದ ಮೂರರಲ್ಲಿ ಎಲ್ಲಕ್ಕಿಂತ ಮುಂದಿರೋ ಕಾರಿನ ಮೇಲೆ ನಿಮ್ಮ ಶಾಲೆ ಬೋರ್ಡೇ ಇದೆಯಲ್ಲ ಮೇಡಂ."

ದಾಟುವ ಭರದಲ್ಲಿ ನಾನು ನೋಡಿರಲಿಲ್ಲ. ಫೋಟೊದಲ್ಲಿ ಸ್ಟೀರಿಂಗನ್ನು ತಬ್ಬಿಕೊಂಡು ಕೂತವರು ನನ್ನ ಶಿಷ್ಯೆ ಟೈಲರ್ ಅಕ್ಕ, ಪಕ್ಕದಲ್ಲಿ ನಮ್ಮ ಹೊಸ ಮೇಷ್ಟ್ರು. ಕಲಿಯುವವರು ಮೂವತ್ತೈದು ಮೀರಬಾರದೆಂದು ಶಾಲೆಯಲ್ಲಿ ನಿಯಮ ತಂದವಳೂ ನಾನೇ.

ಒಂದು ಗಳಿಗೆ ಮುಖ ಬಿಸಿಯಾಯಿತು. ಆದರೂ ಗುರುವಾರ ಕೋರ್ಟಿನ ವಿಚಾರಣೆಗೆ ಆ ಫೋಟೊವನ್ನೇ ಒಯ್ಯುತ್ತೇನೆ. ನಿಧಾನ ಕಲಿಸಿದವಳೂ ನಾನೇ, ದಾಟಿದವಳೂ ನಾನೇ, ಎರಡೂ ಸರಿ ಎಂದೇ ಹೇಳುತ್ತೇನೆ. ನ್ಯಾಯಾಧೀಶರಿಗೆ ಅನುಮಾನವಿದ್ದರೆ ಒಂದು ದಿನ ಟೈಲರ್ ಅಕ್ಕನ ಹಿಂದೆ ಕಾರು ಓಡಿಸಿಕೊಂಡು ಬರಲಿ. ತೀರ್ಪು ಆಮೇಲೆ.