ತಪ್ಪು ಬೋರ್ಡನ್ನು ತಿದ್ದಿಸಬೇಡಿ

ಗದಗ, ಪರಾಭವ ಸಂವತ್ಸರದ ಶ್ರಾವಣ. ನಿಮ್ಮ ಪರಾಭವವಲ್ಲ, ಅದು ಮೂರು ಸುತ್ತು ಹಾಕಿ ಮತ್ತೆ ಬಂದದ್ದು. ನಿಮ್ಮ ಕ್ಯಾಲೆಂಡರಿನ ಪ್ರಕಾರ 2206.

ಮಾನ್ಯ ಸುನಂದಾ ಹೂಗಾರ ಮೇಡಂ ಅವರಿಗೆ ಬಸಲಿಂಗವ್ವ ಮಾಡುವ ನಮಸ್ಕಾರಗಳು.

ಇನ್ನೂ ಹುಟ್ಟದವಳೊಬ್ಬಳು ಕಾಗದ ಬರೆದರೆ ಓದುವವರಿಗೆ ದಿಗಿಲಾಗುವುದು ಸಹಜ. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರ ಎನಿಸಬಹುದು. ನಿಮ್ಮ ಕಾಲದ ಭಾಷೆಯನ್ನು ಹಳೆಯ ಧಾರಾವಾಹಿಗಳನ್ನು ನೋಡಿ ಕಲಿತವಳು ನಾನು. ಅತ್ತೆಯರು ಸೊಸೆಯರನ್ನು ಬೈಯುವ ಮಾತುಗಳು ಸರಾಗವಾಗಿ ಬರುತ್ತವೆ, ಉಳಿದದ್ದಕ್ಕೆ ತಡಕಾಡುತ್ತೇನೆ.

ವಿಷಯ ನಿಮ್ಮ ಕೊಠಡಿಯ ಬೋರ್ಡಿನದು. ಕಾಲೇಜಿನ ಮಕ್ಕಳ ಮನಸ್ಸಿನ ಸಂಕಟ ಕೇಳಲೆಂದು ನಿಮ್ಮನ್ನು ನೇಮಿಸಿ, ಮೆಟ್ಟಿಲ ಕೆಳಗೊಂದು ಕೋಣೆ ಕೊಟ್ಟರು. 'ಆಪ್ತ ಸಲಹೆ ಕೊಠಡಿ' ಎಂದು ಬರೆಯಲು ನೀವು ಪೇಂಟರಿಗೆ ಫೋನಿನಲ್ಲಿ ಹೇಳಿದಿರಿ. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಆತನಿಗೆ ಕೇಳಿಸಿದ್ದು 'ಆಪ್ತ ಸಲಿಗೆ ಕೊಠಡಿ'. ದಪ್ಪ ನೀಲಿ ಅಕ್ಷರದಲ್ಲಿ ಹಾಗೆಯೇ ಬರೆದುಕೊಟ್ಟ. ಪ್ರಿನ್ಸಿಪಾಲರು ಸಿಡಿಮಿಡಿಗೊಂಡರು: "ಸಲಿಗಿ ಕೊಟ್ರ ತಲಿ ಮ್ಯಾಲೆ ಕುಂದರ್ತಾವ್ರಿ ಈ ಹುಡುಗ್ರು. ಸೋಮವಾರದೊಳಗ ತಿದ್ಸ್ರಿ." ಹುಡುಗರು ನಕ್ಕರು, ಬೋರ್ಡಿನ ಮುಂದೆ ನಿಂತು ಫೋಟೊ ತೆಗೆದುಕೊಂಡರು, ಒಳಗೆ ಮಾತ್ರ ಒಬ್ಬರೂ ಬರಲಿಲ್ಲ. ನಿಮಗೆ ಅಳುವೇ ಬಂದಿತ್ತಂತೆ. ಬಾರದೆ ಇರುತ್ತದೆಯೇ?

ಮೇಡಂ, ಆ ತಪ್ಪೇ ಈಗ ನಮ್ಮ ನಿತ್ಯದ ಮಾತು. ನಮ್ಮ ಪ್ರತಿ ಓಣಿಗೂ ಒಂದು 'ಸಲಿಗೆಮನೆ' ಇದೆ, ನಿಮಗೆ ಹಾಲಿನ ಅಂಗಡಿ ಇದ್ದ ಹಾಗೆ. ಒಳಗೆ ತರಬೇತಿ ಪಡೆದ ಸಲಹೆಗಾರರು, ವಾರಕ್ಕೊಮ್ಮೆ ಮನೋವೈದ್ಯರು. ಹೊರಗೆ ಕಟ್ಟೆಯ ಮೇಲೆ ಶೇಂಗಾ ರಾಶಿ. ಬಂದವರು ಮೊದಲು ಶೇಂಗಾ ಸುಲಿಯುತ್ತ ಕೂರುತ್ತಾರೆ. ಕೈಗೆ ಕೆಲಸ ಸಿಕ್ಕರೆ ಬಾಯಿ ತಾನಾಗಿ ಬಿಚ್ಚುತ್ತದೆ, ಬಿಚ್ಚದಿದ್ದರೆ ನಾಲ್ಕು ಕಾಳು ತಿಂದು ಎದ್ದು ಹೋಗಬಹುದು, ಯಾರೂ ಏನೂ ಕೇಳುವುದಿಲ್ಲ. ಮನಸ್ಸು ಕುಸಿಯುವುದಕ್ಕೆ ನಾವು 'ಒಳಜ್ವರ' ಎನ್ನುತ್ತೇವೆ. ಮಗುವಿಗೆ ಒಳಜ್ವರ ಎಂದು ಶಾಲೆಗೆ ಹೇಳಿ ಕಳಿಸಿದರೆ ಸಂಜೆ ಮೇಷ್ಟ್ರೇ ಮನೆಗೆ ಬಂದು ಕಂಡು ಹೋಗುತ್ತಾರೆ. 'ನಾಲ್ಕು ಜನ ಏನಂದಾರು' ಎಂದು ನೀವೆಲ್ಲ ಹೆದರುತ್ತಿದ್ದಿರಲ್ಲ, ಆ ನಾಲ್ಕು ಜನ ಯಾರು ಎಂದು ನಮ್ಮ ಮಕ್ಕಳು ಕೇಳುತ್ತಾರೆ. ಹೇಳಲು ನಮಗೆ ಗೊತ್ತಿಲ್ಲ. ದುಃಖ ಎಲ್ಲಿಗೂ ಹೋಗಿಲ್ಲ, ಹೋಗಿದೆಯೆಂದು ಸುಳ್ಳು ಹೇಳಲಾರೆ. ಬಚ್ಚಿಡುವ ಅಭ್ಯಾಸ ಮಾತ್ರ ಹೋಯಿತು.

ನನ್ನ ಮೊಮ್ಮಗಳು ನೇಸರಿಗೆ ಈ ಬೇಸಿಗೆಯ ಆರಂಭದಲ್ಲಿ ಒಳಜ್ವರ ಬಂತು. ಹದಿನೇಳರ ಹುಡುಗಿ, ಮಾತಿನಮಲ್ಲಿ. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟು ಗೋಡೆ ನೋಡುತ್ತ ಕೂರತೊಡಗಿದಳು. ಒಂದು ದಿನ "ಅಜ್ಜಿ, ನಾ ಇರಲಿಲ್ಲಂದ್ರ ನಿಮಗೆಲ್ಲಾ ಹಗುರ ಆಗ್ತಿತ್ತು" ಅಂದಳು. ನಾನು ಕೈಯಲ್ಲಿದ್ದ ತಟ್ಟೆ ಕೆಳಗಿಡುವ ಮೊದಲೇ ಅವಳೇ ಚಪ್ಪಲಿ ಮೆಟ್ಟಿ, "ಸಲಿಗಿಮನಿಗೆ ಹೋಗೂಣು ಬಾ" ಎಂದು ಕೈ ಹಿಡಿದಳು. ಚಿಕ್ಕಂದಿನಿಂದ ಶೇಂಗಾ ತಿನ್ನಲು ಓಡಿಹೋಗುತ್ತಿದ್ದ ಬಾಗಿಲು ಅದು, ಅಲ್ಲಿ ನಿಲ್ಲಲು ಅವಳಿಗೆ ನಾಚಿಕೆ ಇರಲಿಲ್ಲ. ಮಾತೂ ಬೇಕಾಯಿತು, ಔಷಧಿಯೂ ಬೇಕಾಯಿತು, ತಿಂಗಳುಗಳೇ ಹಿಡಿದವು. ನಿನ್ನೆ ಚಟ್ನಿಪುಡಿಗೆ ಖಾರ ಸಾಲದೆಂದು ನನ್ನೊಡನೆ ಜಗಳ ತೆಗೆದಳು. ನಾನು ಅಡುಗೆಮನೆಗೆ ಹೋಗಿ ಸಂತೋಷಕ್ಕೆ ಅತ್ತುಬಿಟ್ಟೆ.

ಅದಕ್ಕೆ ನಾನು ನಿಮಗೆ ಋಣಿ. ನೀವು ಬೋರ್ಡು ತಿದ್ದಿಸಲಿಲ್ಲ ಎಂಬುದು ನಮಗೆ ಗೊತ್ತು, ಯಾಕೆಂಬುದು ಗೊತ್ತಿಲ್ಲ. ಕೇಳಿದವರಿಗೆಲ್ಲ ನೀವು ನಕ್ಕು ಸುಮ್ಮನಾಗುತ್ತಿದ್ದಿರಂತೆ. ದೂರದೃಷ್ಟಿ ಎಂದು ಕೆಲವರ ವಾದ. ಪೇಂಟರ್ ಫೋನೇ ಎತ್ತಲಿಲ್ಲ ಎಂದು ಇನ್ನು ಕೆಲವರದು. ನನಗನ್ನಿಸುವಂತೆ ಯಾರೋ ನಿಮಗೆ ಬೇಡವೆಂದಿರಬೇಕು. ಹಾಗೆಂದವರು ಈವರೆಗೆ ಪತ್ತೆಯಾಗಿಲ್ಲ. ಹಾಗಾದರೆ ಅದು ನಾನೇ ಯಾಕಾಗಬಾರದು ಎಂದು ಬರೆಯಲು ಕೂತೆ. ಊರ ಉಸಾಬರಿ ನನಗ್ಯಾಕೆ ಎನ್ನುವ ಜಾಯಮಾನ ನನ್ನದಲ್ಲ. ಆದ್ದರಿಂದ ಹೇಳುತ್ತಿದ್ದೇನೆ, ತಿದ್ದಿಸಬೇಡಿ.

ಶನಿವಾರ ಮಧ್ಯಾಹ್ನ ನಗ್ಮಾ ಎಂಬ ಎರಡನೇ ವರ್ಷದ ಹುಡುಗಿ ನಿಮ್ಮ ಬಾಗಿಲಿಗೆ ಬರುತ್ತಾಳೆ. ಆ ದಿನದ ಕಥೆಯನ್ನು ಅವಳು ಮುದುಕಿಯಾಗುವವರೆಗೂ ಹೇಳುತ್ತಿದ್ದಳು, ನಮ್ಮೂರಿಗೆ ಅದು ಬಾಯಿಪಾಠ, ಸಲಿಗೆಮನೆಗಳಿಗೆ ಹೆಸರು ಬಂದದ್ದೂ ಆ ಕಥೆಯಿಂದಲೇ. ಒಳಗೆ ಕಾಲಿಡದೆ, "ಮೇಡಂರೀ, ನಿಮ್ಮ ಬೋರ್ಡಿನ್ಯಾಗ ತಪ್ಪೈತ್ರಿ" ಎನ್ನುತ್ತಾಳೆ. ಅದನ್ನೇ ಕೇಳಿ ಕೇಳಿ ಅಷ್ಟು ಹೊತ್ತಿಗೆ ನಿಮಗೆ ರೇಗಿರುತ್ತದೆ. "ಗೊತ್ತೈತಿ, ತಿದ್ಸ್ತೀನಿ, ಹೋಗವಾ" ಎಂಬ ಮಾತು ನಾಲಗೆಯ ತುದಿಗೆ ಬರುತ್ತದೆ. ನುಂಗಿಕೊಳ್ಳಿ. ಬದುಕು ಸಾಕೆನಿಸಿದೆ ಆ ಹುಡುಗಿಗೆ. ನಿಮ್ಮ ಬಾಗಿಲವರೆಗೆ ಬರಲು ಅವಳಿಗೆ ಸಿಕ್ಕ ನೆಪ ಆ ತಪ್ಪೊಂದೇ. ಸಲಹೆ ಎಂದು ಸರಿಯಾಗಿ ಬರೆದಿದ್ದರೆ ಅವಳು ಬರುತ್ತಲೇ ಇರಲಿಲ್ಲ, ಸಲಹೆ ಕೊಡುವವರು ಅವಳ ಮನೆಯಲ್ಲೇ ಬೇಕಾದಷ್ಟಿದ್ದರು.

ಕುರ್ಚಿ ಎಳೆದು ಕೊಡಿ. ಬುದ್ಧಿ ಹೇಳಬೇಡಿ. ಅವಳು ಅಳಲು ಶುರುಮಾಡಿದಾಗ ಗಡಿಯಾರ ನೋಡಬೇಡಿ. ಅವಳ ಹಿಂದೆ, ನಿಮ್ಮ ಕಣ್ಣಿಗೆ ಕಾಣದಷ್ಟು ದೂರದಲ್ಲಿ, ಅದೇ ಸಾಲಿನಲ್ಲಿ ನನ್ನ ನೇಸರಿ ನಿಂತಿದ್ದಾಳೆ.

ನಿಮ್ಮ ಉಪಕಾರ ಮರೆಯದ,
ಬಸಲಿಂಗವ್ವ