ಏಲಕ್ಕಿ ಮಣಿಯ ಬಿರುಕು

ಭಾಗಮಂಡಲ, ಕೊಡಗು ರಾಜ್ಯ
೯ ಮಾರ್ಚ್ ೧೯೫೪, ಮಂಗಳವಾರ

ಚಿ. ಸೌ. ಯಮುನಳಿಗೆ,

ಅಪ್ಪನ ಆಶೀರ್ವಾದ. ಅಳಿಯಂದಿರಿಗೂ ಮಗುವಿಗೂ ಅದರಲ್ಲಿ ಪಾಲು ಕೊಡು. ನಿನ್ನ ಮೂರು ಕಾಗದಗಳಿಗೆ ಒಂದು ಸಾಲಿನ ಉತ್ತರವೂ ಬರಲಿಲ್ಲವೆಂದು ಸಿಟ್ಟಾಗಿದ್ದೀಯೆ. ಸಿಟ್ಟು ನ್ಯಾಯವಾದದ್ದೇ. ಕಾಯಿಲೆಯಿತ್ತು ಅಂತ ಬರೆಯಬಹುದಿತ್ತು, ನೀನು ನಂಬುತ್ತಿದ್ದೆ. ಶೀತವೊಂದು ಬಂದು ಹೋಯಿತು, ಅಷ್ಟೆ. ಬರೆಯಲು ಕೂತಾಗಲೆಲ್ಲ ಬೇರೆ ಕೆಲಸ ನೆನಪಾಗುತ್ತಿತ್ತು.

ಇಲ್ಲಿ ಬಸ್ಸಿನಲ್ಲಿ, ಅಂಗಡಿಯಲ್ಲಿ, ಸಂಗಮದ ಮೆಟ್ಟಿಲ ಮೇಲೆ ಎಲ್ಲಿ ಹೋದರೂ ಒಂದೇ ಮಾತು, ಕೊಡಗು ಮೈಸೂರಿಗೆ ಸೇರುತ್ತದೋ ಇಲ್ಲವೋ ಅಂತ. ಕಾಫಿ ವ್ಯಾಪಾರದ ದೇರಪ್ಪ ಮೊನ್ನೆ ನನ್ನ ಜಗಲಿಯಲ್ಲಿ ಕೂತು, "ಆಚಾರಿ, ನೀವು ಇಂಗ್ಲಿಷ್ ಬಲ್ಲವರು, ಒಂದು ಪಿಟಿಷನ್ ಬರ್ದ್ ಕೊಡಿ" ಎಂದ. ಮಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಒಂದು ವರ್ಷ ಓದಿ ಇಂಗ್ಲಿಷಿನಲ್ಲೇ ಫೇಲಾದವನು ನಾನು ಎಂದು ಅವನಿಗೆ ಹೇಳಲಿಲ್ಲ. "ಮೋಸ್ಟ್ ರೆಸ್ಪೆಕ್ಟ್‌ಫುಲ್ಲಿ" ಎನ್ನುವವರೆಗೆ ಬರೆದೆ. ಮುಂದಿನದು ಬರಲಿಲ್ಲ.

ಆ ಕಾಲೇಜಿನಿಂದ ಉಳಿದದ್ದು ಒಂದೇ ವಾಕ್ಯ. ಕೆಮಿಸ್ಟ್ರಿ ಲೆಕ್ಚರರ್ ಮೇಜು ಕುಟ್ಟಿ ಹೇಳುತ್ತಿದ್ದರು: "ಗೋಲ್ಡ್ ಈಸ್ ದ ಮೋಸ್ಟ್ ಮ್ಯಾಲಿಯಬಲ್ ಮೆಟಲ್." ಬಡಿದಷ್ಟೂ ಬಾಗುತ್ತದೆ, ಮುರಿಯುವುದಿಲ್ಲ. ಅಕ್ಕಸಾಲಿಯ ಮಗನಿಗೆ ಇದನ್ನು ಹೇಳಲು ಕಾಲೇಜು ಬೇಕಿತ್ತೇ ಎಂದು ಆಗ ನಕ್ಕಿದ್ದೆ. ಈಗ ಆ ವಾಕ್ಯವೂ ಸುಳ್ಳಾಗುತ್ತಿದೆ.

ಮಗು ಚಿನ್ನಿಯ ಸರದ ವಿಷಯಕ್ಕೆ ಬರುತ್ತೇನೆ. ನೀನು ಹೇಳಿದ ಹಾಗೆ ಅಮ್ಮನ ಮೂಗುಬೊಟ್ಟಿನ ಕಲ್ಲು ಬಿಡಿಸಿಟ್ಟು, ಅದರ ಚಿನ್ನವನ್ನು ನಿನ್ನ ಹಳೆಯ ಓಲೆ, ನನ್ನ ಉಂಗುರದ ಜೊತೆ ಕರಗಿಸಿದೆ. ಏಲಕ್ಕಿ ಮಣಿಯೇ ಮಾಡಬೇಕೆಂದು ಬರೆದಿದ್ದೆಯಲ್ಲ. ಈಗ ಮಡಿಕೇರಿಯ ಅಂಗಡಿಗಳಲ್ಲೂ ಅದರ ನಕಲು ಸಿಗುತ್ತದೆ. ಆ ಮಣಿ ಹುಟ್ಟಿದ್ದು ಹೇಗೆಂದು ನಿನಗೆ ಹೇಳಿದ್ದೇನೋ ಇಲ್ಲವೋ. ನೀನು ತೊಟ್ಟಿಲಲ್ಲಿದ್ದೆ. ನಿನ್ನಮ್ಮ ಪಾಯಸಕ್ಕೆ ಏಲಕ್ಕಿ ಬಿಡಿಸುತ್ತಿದ್ದವಳು ಒಂದು ಹಸಿರು ಕಾಯಿ ತಂದು ನನ್ನ ಅಡಿಗಲ್ಲಿನ ಮೇಲಿಟ್ಟಳು. "ನಿಮ್ಮ ದುಂಡು ಮಣಿ ನೋಡಿ ನೋಡಿ ನಂಗೆ ಸಾಕಾಯ್ತು. ಇದನ್ನ ಮಾಡಿ ನೋಡುವ, ಕಾಲೇಜು ಓದಿದವ್ರು" ಎಂದಳು. ಮೂರು ಮೂಲೆಯ ಕಾಯಿ, ಮೈಮೇಲೆ ಸಣ್ಣ ಗೆರೆ, ತುದಿಯಲ್ಲಿ ಒಣಗಿದ ಹೂವಿನ ಚೂರು. ಹನ್ನೊಂದು ದಿನ ಬೇಕಾಯಿತು. ತಗಡನ್ನು ತೆಳ್ಳಗೆ ಬಡಿದು, ಮೂರು ಮಗ್ಗುಲು ಎಬ್ಬಿಸಿ, ಒಳಗೆ ಅರಗು ತುಂಬಿ ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡಿ, "ವಾಸನೆ ಒಂದು ಬರ್ಲಿಲ್ಲ" ಎಂದಳು. ಜೇಡರ ಬಲೆ, ಬಸವನಹುಳುವಿನ ಚಿಪ್ಪು, ಕಾಫಿಯ ಮೊಗ್ಗು ಅಂತ ನನ್ನ ಹೆಸರಿನಲ್ಲಿ ಓಡಾಡುವ ಡಿಸೈನುಗಳೆಲ್ಲ ಅವಳು ಸೆರಗಿನಲ್ಲಿ ಕಟ್ಟಿ ತಂದವೇ. ಇನ್ಸ್ಪಿರೇಷನ್ ಎನ್ನುವ ಶಬ್ದಕ್ಕೆ ಒಳಗೆ ಉಸಿರೆಳೆಯುವುದು ಎಂಬ ಅರ್ಥವೂ ಉಂಟೆಂದು ಯಾರೋ ಕಲಿಸಿದ ನೆನಪು. ಸರಿಯೋ ತಪ್ಪೋ ಅಳಿಯಂದಿರನ್ನು ಕೇಳು.

ಯಮುನಾ, ಈ ಚಿನ್ನ ಒಡೆಯುತ್ತಿದೆ.

ಮೊದಲ ಮಣಿ ಮಗ್ಗುಲು ಎಬ್ಬಿಸುವಾಗಲೇ ಬಿರಿಯಿತು. ಕೈ ತಪ್ಪಿತೆಂದುಕೊಂಡೆ. ಮತ್ತೆ ಕರಗಿಸಿ, ಬಿಳಿಗಾರ ಹಾಕಿ ಕಸ ತೆಗೆದು ಬಡಿದೆ. ಎರಡನೆಯ ಸಲವೂ ಬಿರುಕು. ಮೂರನೆಯ ಸಲ ತಗಡೇ ಹಪ್ಪಳದ ಹಾಗೆ ಎರಡಾಯಿತು. ಅದೇ ವಾರ ಪಕ್ಕದ ಮನೆಯ ಪೊನ್ನಮ್ಮನ ಮಗಳ ಮದುವೆಗೆ ಐವತ್ತು ಮಣಿ ಮಾಡಿದೆ. ಅದೇ ಸುತ್ತಿಗೆ, ಅದೇ ಕೆಂಡ. ಒಂದಕ್ಕೂ ಗೀರು ಬೀಳಲಿಲ್ಲ. ಪೊನ್ನಮ್ಮ ಬಂದು, "ಎಂತ ಆಚಾರಿ, ಊರವ್ರಿಗೆಲ್ಲ ಮಣಿ ಆತ್, ಮೊಮ್ಮಗಳಿಗೆ ಇನ್ನೂ ಆತ್ಲೆನಾ? ರುದ್ರಮ್ಮಕ್ಕ ಇಲ್ಲದೆ ನಿಮ್ಮ ಕೈ ಅರ್ಧ ಆಗುಟ್ಟು" ಎಂದು ತಮಾಷೆ ಮಾಡಿದಳು. ಆಮೇಲೆ ನನ್ನ ಮುಖ ನೋಡಿ, ತನ್ನ ಮಣಿ ಎಣಿಸಿಕೊಂಡು ಹೋದಳು.

ಚಿನ್ನಕ್ಕೆ ಸೀಸ ಸೇರಿದರೆ ಹೀಗಾಗುವುದುಂಟು. ಅದನ್ನು ಗಂಟು ಕಟ್ಟಿಕೊಂಡು ಮಡಿಕೇರಿಯ ಹಿರಿಯ ಅಕ್ಕಸಾಲಿ ಶಿವಶಂಕರಪ್ಪನವರಲ್ಲಿಗೆ ಹೋದೆ. ಅವರು ಒರೆಗಲ್ಲಿಗೆ ತಿಕ್ಕಿ, ಬೆಳಕಿಗೆ ಹಿಡಿದು, "ಏನ್ರೀ ಆಚಾರ್ರೆ, ಅಪರಂಜಿ ತಂದು ದೋಷ ಹುಡುಕು ಅಂತೀರಲ್ಲ! ಚಿನ್ನ ನೆಟ್ಟಗಿದೆ. ನಿಮ್ ಆರೋಗ್ಯ ಹೆಂಗಿದೆ?" ಎಂದರು. ಇದರಲ್ಲಿ ಸ್ವಲ್ಪ ಬೇರೆಯವರ ಚಿನ್ನ ಸೇರಿದೆ, ಅದೊಂದನ್ನು ಮಾತ್ರ ವಾಪಸು ತೆಗೆಯಲಾದೀತೇ ಎಂದು ಕೇಳಿದೆ. ಮುದುಕ ಕೆಮ್ಮು ಬರುವಷ್ಟು ನಕ್ಕರು. "ತಾಮ್ರ ತೆಗೀಬೋದು, ಬೆಳ್ಳಿ ತೆಗೀಬೋದು. ಚಿನ್ನದಿಂದ ಚಿನ್ನ ಬಿಡಿಸೋ ಆಸಿಡ್ಡು ಯಾವ ಕಾಲೇಜಲ್ಲಿ ಕೊಡ್ತಾರೆ ಹೇಳಿ, ನಾನೂ ಹೋಗಿ ಸೇರ್ಕೋತೀನಿ!"

ನಾನೂ ನಕ್ಕೆ. ಬಸ್ಸಿನಲ್ಲಿ ಚೇರಂಬಾಣೆ ದಾಟುವವರೆಗೂ ಆ ಗಂಟನ್ನು ಮುಷ್ಟಿಯಲ್ಲೇ ಹಿಡಿದಿದ್ದೆ.

ಇನ್ನೊಂದು ಸಂಗತಿ ಉಂಟು. ಅಪ್ಪನಿಗೆ ತಲೆ ಕೆಟ್ಟಿತೆಂದು ತಿಳಿಯಬೇಡ. ನಿನ್ನಮ್ಮ ಇದ್ದಾಗ ಕುಲುಮೆಗೆ ಊದುತ್ತಿದ್ದವಳು ಅವಳೇ, ನಿನಗೆ ಗೊತ್ತು. ಈಗ ಕೊಳವೆ ಹಿಡಿದು ನಾನೇ ಊದುತ್ತೇನೆ. ನಾನು ಊದಿ ಕೊಳವೆ ಕೆಳಗಿಟ್ಟ ಮೇಲೆ ಕೆಂಡ ಇನ್ನೊಂದು ಸಲ ಕೆಂಪಾಗುತ್ತದೆ. ಗಾಳಿಯಿರುವುದಿಲ್ಲ, ಬಾಗಿಲು ಮುಚ್ಚಿ ನೋಡಿದ್ದೇನೆ. ಪೊನ್ನಮ್ಮನ ಚಿನ್ನಕ್ಕೆ ಹೀಗಾಗಲಿಲ್ಲ. ಈ ಚಿನ್ನ ಮೂಸೆಯಲ್ಲಿದ್ದಾಗ ಮಾತ್ರ. ಹಟ್ಟಿಯಲ್ಲಿ ಹಸುವಿನ ಹತ್ತಿರ ಕಳೆದ ವಾರ ಇದನ್ನು ಜೋರಾಗಿ ಹೇಳಿ ನೋಡಿದೆ. ಹೇಳಿದರೆ ಇನ್ನೂ ನಿಜವಾಗುತ್ತದೆ.

ನಿನ್ನ ಕೊನೆಯ ಕಾಗದದಲ್ಲಿ ಒಂದು ಸಾಲು ಇದೆ. "ಅಮ್ಮ ತನ್ನ ಕೈಯಾರೆ ಬಿಚ್ಚಿ ನನಗೆಂದು ಕೊಟ್ಟು ಹೋದದ್ದು, ಅದು ನನ್ನ ಮಗಳ ಎದೆಯ ಮೇಲಿರಬೇಕು." ಅಂದು ಪುತ್ತೂರಿನಿಂದ ನೀನು ಬಂದು ಮುಟ್ಟುವಾಗ ಅಮ್ಮನನ್ನು ಅಂಗಳದಲ್ಲಿ ಮಲಗಿಸಿದ್ದರು. ಮುತ್ತೈದೆಯ ಮೂಗು ಯಾಕೆ ಬರಿದಾಗಿದೆ ಎಂದು ಕೇಳಿದೆ. ಅವಳೇ ಬಿಚ್ಚಿ ನಿನಗೆ ಕೊಡಿ ಎಂದಳು ಅಂತ ನಾನು ಹೇಳಿದೆ. ನೀನು ಅದನ್ನು ಹಣೆಗೊತ್ತಿಕೊಂಡು ಅತ್ತೆ. ಈ ಎರಡು ವರ್ಷವೂ ಆ ಮಾತನ್ನೇ ಹಿಡಿದುಕೊಂಡು ಬದುಕಿದ್ದೀಯೆ ಎಂದು ಕಾಗದ ಓದಿದಾಗ ತಿಳಿಯಿತು.

ಚಿನ್ನವನ್ನು ಗಟ್ಟಿಯಾಗಿಯೇ ಕಳಿಸುತ್ತಿದ್ದೇನೆ. ನಾಡಿದ್ದು ದೇರಪ್ಪ ಪುತ್ತೂರಿಗೆ ಬರುತ್ತಾನೆ. ಬೊಟ್ಟಿನ ಕಲ್ಲನ್ನೂ ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಜೊತೆಗಿಟ್ಟಿದ್ದೇನೆ. ಅಲ್ಲಿನ ಅಕ್ಕಸಾಲಿಯ ಕೈಯಲ್ಲಿ ಅದು ಒಡೆಯಲಾರದು. ಮಗುವಿಗೆ ಹಾಕಿಸುವೆಯೋ, ಇಲ್ಲಿಗೆ ಬಂದು ಸಂಗಮದಲ್ಲಿ ಬಿಡುವೆಯೋ, ನಿನ್ನ ಕೈಗೆ ಬಿಟ್ಟದ್ದು. ಕಾಗದದ ಕಡೆಯವರೆಗೆ ಓದಿದ ಮೇಲೆಯೇ ತೀರ್ಮಾನ ಮಾಡು.

ಮಗುವಿಗೆ ಗಟ್ಟಿ ಮೂಳೆ, ನಿನಗೆ ಒಳ್ಳೆಯ ನಿದ್ದೆ, ಅಳಿಯಂದಿರಿಗೆ ಈ ಸಲವಾದರೂ ಹೆಡ್‌ಮಾಸ್ಟರ್ ಕೆಲಸ ದೊರೆಯಲಿ. ಕಾವೇರಮ್ಮ ನಿಮ್ಮನ್ನು ಕಾಯಲಿ.

ನಿನ್ನ ಅಪ್ಪ,
ಅಪ್ಪಯ್ಯಾಚಾರಿ

ಪಿ. ಎಸ್. — ಯಾರ ಮನೆಯಲ್ಲಿ ಸಾವಾದರೂ ಆಚಾರಿಗೆ ಕರೆ ಬರುತ್ತದೆ. ಮೈ ಬಿಗಿಯುವ ಮೊದಲು ಬಳೆ, ಬೊಟ್ಟು ಬಿಡಿಸಬೇಕು. ತಡವಾದರೆ ಕತ್ತರಿಸಬೇಕಾಗುತ್ತದೆ, ಅದು ನೋಡುವ ಹಾಗಿರುವುದಿಲ್ಲ. ಮೂವತ್ತು ವರ್ಷ ಈ ಕೆಲಸ ಮಾಡಿದ ಕೈ ನನ್ನದು. ಆ ಮಧ್ಯಾಹ್ನ ಪೊನ್ನಮ್ಮ ನಿನ್ನಮ್ಮನ ಕೈ ಮುಟ್ಟಿ ನೋಡಿ, "ಹೋತ್ ಆಚಾರಿ. ನಾ ಜನ ಕರ್ಕಂಡ್ ಬನ್ನೆ" ಎಂದು ಓಡಿದಳು. ಮನೆಯಲ್ಲಿ ನಾನೊಬ್ಬನೇ. ಅಳು ಬರಲಿಲ್ಲ, ಯಮುನಾ. ಬಿಗಿಯುವ ಮೊದಲು ಎಂಬುದೊಂದೇ ತಲೆಗೆ ಬಂತು. ಉಸಿರು ನೋಡಲಿಲ್ಲ. ತಿರುಪು ಮೂರು ಸುತ್ತಿನಲ್ಲಿ ಬಿಚ್ಚಿತು. ಬೊಟ್ಟು ಅಂಗೈಗೆ ಬಿದ್ದಾಗ ಅವಳು ಕಣ್ಣು ತೆರೆದಳು. ಮೊದಲು ನನ್ನ ಅಂಗೈ ನೋಡಿದಳು, ಆಮೇಲೆ ನನ್ನನ್ನು. "ಎಂತ ಅವಸರ ಇತ್ತು?" ಎಂದಳು. ಸಿಟ್ಟಿನಿಂದಲ್ಲ, ಕೇಳಿದಳು ಅಷ್ಟೆ. ನಿನ್ನ ಹೆಸರು ಎತ್ತಲಿಲ್ಲ, ಯಾರಿಗೂ ಏನೂ ಕೊಡಲಿಲ್ಲ. ಜನ ಬಂದರು, ಬಾಯಿಗೆ ಗಂಗೆ ಬಿಟ್ಟರು. ದೀಪ ಹಚ್ಚುವ ಹೊತ್ತಿನವರೆಗೂ ಜೀವ ಇತ್ತು. ಅಷ್ಟೂ ಹೊತ್ತು ನಾನು ಪಕ್ಕದಲ್ಲೇ ಕೂತಿದ್ದೆ, ಬೊಟ್ಟು ನನ್ನ ಮುಷ್ಟಿಯಲ್ಲಿತ್ತು. ತಿರುಗಿ ಹಾಕಲು ಮೂರೇ ಸುತ್ತು ಬೇಕಿತ್ತು. ನಾನು ಹಾಕಲಿಲ್ಲ.